ಯಾರದೋ ಹರಕೆ, ಊರಿಗೆಲ್ಲ ಆಟ

ಕರಾವಳಿಯಲ್ಲಿ ಮಗನ ಕಾಯಿಲೆ ವಾಸಿಯಾದರೆ, ಕೋರ್ಟಿನಲ್ಲಿದ್ದ ಜಾಗ ಕೈಗೆ ಬಂದರೆ, ಕಟೀಲಿನ ದೇವಿಗೋ ಮಂದಾರ್ತಿಯ ದೇವಿಗೋ ಹರಕೆ ಹೇಳಿಕೊಂಡಿದ್ದ ಆಟವನ್ನು ಆಡಿಸುತ್ತಾರೆ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಬೇಸಗೆಯ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವ ತನಕ ರಾತ್ರಿಗೊಂದು ಊರಿನಂತೆ ಆಡುತ್ತಲೇ ಇರುತ್ತವೆ. ಆದರೂ ಹರಕೆ ಹೊತ್ತವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು. ಸಂಕಟ ಆ ಒಂದು ಮನೆಯದು, ಖರ್ಚೂ ಆ ಮನೆಯದೇ. ಆಟಕ್ಕೆ ಮಾತ್ರ ಟಿಕೆಟಿಲ್ಲ, ಬೇಲಿಯಿಲ್ಲ. ಆ ಮನೆಯವರೊಡನೆ ಮಾತು ಬಿಟ್ಟವರೂ ಬಂದು ಕೂರಬಹುದು, ಕೂರುತ್ತಾರೆ.

ಈ ಏರ್ಪಾಡಿನ ಬಗ್ಗೆ ಯೋಚಿಸಿದಷ್ಟೂ ನನಗೆ ಬೆರಗು. ದೇವಿಗೆ ಸಲ್ಲಿಸುವ ಸೇವೆಯನ್ನು ದೇವಸ್ಥಾನದೊಳಗೇ ಮುಗಿಸಬಹುದಿತ್ತು. ಬೇರೆಷ್ಟೋ ಸೇವೆಗಳು ಹಾಗೆಯೇ ಮುಗಿಯುತ್ತವೆ. ಇದೊಂದು ಸೇವೆ ಮಾತ್ರ ಗದ್ದೆಗೆ, ಶಾಲೆಯ ಮೈದಾನಕ್ಕೆ ಬಂದು ಗುರುತು ಪರಿಚಯವಿಲ್ಲದವರ ಎದುರು ನಡೆಯಬೇಕು. ಸೇವಾಕರ್ತರಿಗೆ ಸಿಗುವುದು ಬಣ್ಣದ ಮನೆಯಲ್ಲಿ ನಡೆಯುವ ಚೌಕಿಪೂಜೆಯ ಪ್ರಸಾದ. ಭಾಗವತರ ಪದ, ವೇಷಧಾರಿಯ ಕುಣಿತ, ಅರ್ಥಗಾರಿಕೆ ಇವೆಲ್ಲ ಬಂದವರಿಗೆಲ್ಲ ಸಮಪಾಲು. ಹಣ ಕೊಟ್ಟೆನೆಂಬ ಕಾರಣಕ್ಕೆ ಆಟ ಅವರದಾಗುವುದಿಲ್ಲ. ಕಲೆಗೆ ಸಮಾಜ ಕೊಡುವ ಆಸರೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಬಯಲಿನಲ್ಲಿ ಕೂರುವಲ್ಲಿಯೂ ಜಾತಿಯ ಗೆರೆಗಳಿದ್ದ ಕಾಲವನ್ನು ಮರೆಯಬಾರದು. ಅದಲ್ಲದೆ, ಹರಕೆ ಹೊರಲು ದೇವರೇ ಇಲ್ಲದ ಕಲೆಯ ಗತಿಯೇನು? ಶೇಕ್ಸ್‌ಪಿಯರನ ನಾಟಕ ಆಡಿಸುತ್ತೇನೆಂದು ಯಾರೂ ಮುಡಿಪು ಕಟ್ಟುವುದಿಲ್ಲ. ಹೊಸ ಕವಿಯ ಮೊದಲ ಪುಸ್ತಕಕ್ಕೂ ಮೊಕ್ತೇಸರರಿಲ್ಲ. ಅಂಥ ಕಲೆಗೆ ನಾಗರಿಕರೇ ಕೂಡಿ ಹರಕೆ ಹೊರಬೇಕಾಗುತ್ತದೆ.

ಸಾಗರದ ಬಳಿಯ ಹೆಗ್ಗೋಡು ಅದನ್ನು ಮಾಡಿ ತೋರಿಸಿತು. ಅಡಿಕೆ ತೋಟಗಳ ನಡುವಿನ ಆ ಸಣ್ಣ ಊರಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ಇಂದಿನ ನೀನಾಸಮ್. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು, 1985ರಲ್ಲಿ ತಿರುಗಾಟ. ಮೇಳಗಳ ಮಾತನ್ನೇ ಎತ್ತಿಕೊಂಡು, ಮೇಳಗಳಂತೆಯೇ ಊರೂರು ಸುತ್ತುವ ನಾಟಕ ತಂಡ ಅದು. ಸರ್ಕಾರದ ನೆರವೂ ಇತ್ತು, ಹೊರಗಿನ ಸಂಸ್ಥೆಗಳ ಧನಸಹಾಯವೂ ಇತ್ತು. ಆದರೆ ನಾಟಕದ ಲಾರಿ ಒಂದು ಊರಿಗೆ ಬರಬೇಕಾದರೆ ಅಲ್ಲಿ ಅದನ್ನು ಕರೆಸಿಕೊಳ್ಳುವವರು ಇರಲೇಬೇಕು: ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವನು, ಒಂದು ಯುವಕ ಸಂಘ. ಸಭಾಂಗಣ ಹುಡುಕಬೇಕು, ಕಲಾವಿದರಿಗೆ ಊಟ ವಸತಿ ನೋಡಬೇಕು, ಮನೆಮನೆಗೆ ಹೋಗಿ ಟಿಕೆಟು ಮಾರಬೇಕು, ನಷ್ಟವಾದರೆ ಕೈಯಿಂದ ಹಾಕಬೇಕು. ಲಾರಿ ಮುಂದಿನ ಊರಿಗೆ ಹೋದ ಮೇಲೂ ಈ ಜನ ಊರಿನಲ್ಲೇ ಉಳಿಯುತ್ತಾರೆ, ಒಟ್ಟಿಗೆ ಒಂದು ಕೆಲಸ ಮಾಡಿ ಗೊತ್ತಿರುವವರಾಗಿ. ನನಗೆ ಇದು ಪ್ರದರ್ಶನದಷ್ಟೇ ದೊಡ್ಡ ಲಾಭವಾಗಿ ಕಾಣುತ್ತದೆ.

ಇನ್ನು ಆ ರಾತ್ರಿ ನೋಡುವವರಲ್ಲಿ ಆಗುವುದೇನು? ನಾಟಕ ನಮ್ಮನ್ನು ಕೇಳಿಕೊಳ್ಳುವುದು ವಿಚಿತ್ರವಾದ ಸಂಗತಿ. ನಮ್ಮ ಬಳಗದವನಲ್ಲದ, ಬದುಕಿಯೇ ಇರದ ಒಬ್ಬನ ಕಷ್ಟಕ್ಕೆ ಎರಡು ತಾಸು ಮರುಗಬೇಕು. ಪಕ್ಕದಲ್ಲಿ ಕೂತ ಅಪರಿಚಿತರೂ ಅದೇ ಹೊತ್ತಿನಲ್ಲಿ ಮರುಗುತ್ತಿರುತ್ತಾರೆ. ತನ್ನದಲ್ಲದ ದುಃಖಕ್ಕೆ ಕಣ್ಣು ಒದ್ದೆಯಾಗುವುದಕ್ಕೂ, ತಾನು ನೋಡದೆಯೇ ಹೋಗಬಹುದಾದ ಆಟಕ್ಕೆ ಹಣ ಕೊಡುವುದಕ್ಕೂ ಬೇಕಾದ ಮನಸ್ಸು ಒಂದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಾಗಿ ಕಲೆಗೆ ಕೊಡುವ ಸಾರ್ವಜನಿಕ ಹಣವನ್ನು ಉಳ್ಳವರು ಇಲ್ಲದವರಿಗೆ ಮಾಡುವ ದಾನವಾಗಿ ನೋಡಲು ನನಗೆ ಆಗುವುದಿಲ್ಲ. ಆ ಹಣ ಕೊಡುವ ಹೊತ್ತಿಗೇ ಊರು ಕಲೆಯ ಕೆಲಸವನ್ನು ಅರ್ಧ ಮಾಡಿರುತ್ತದೆ.

ಕುಡಿಯುವ ನೀರಿಲ್ಲದ ಊರಿಗೆ ನಾಟಕವೇಕೆ ಎನ್ನುವವರಿದ್ದಾರೆ. ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ ಇದು. ನೀರು ಮೊದಲು ಬರಬೇಕು, ನಿಜ. ಆದರೆ ನೀರು ಬಂದಮೇಲೆ ಕೇರಿಗೊಂದು ನಲ್ಲಿಯಾಗಿ ಒಡೆಯದಂತೆ, ಎಲ್ಲರಿಗೂ ಸೇರಿದ ನೀರಾಗಿ ಉಳಿಯಲು ಇನ್ನೊಬ್ಬರ ಬಾಯಾರಿಕೆ ಅರ್ಥವಾಗುವ ಜನ ಬೇಕು. ಆ ಅರ್ಥವಾಗುವಿಕೆ ಪೈಪಿನಲ್ಲಿ ಬರುವುದಿಲ್ಲ.

ಸರ್ಕಾರದ ಹಣವೆಲ್ಲ ಈ ಕೆಲಸ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಗಣ್ಯರ ಭಾಷಣಕ್ಕೆ ಒಂದೂವರೆ ತಾಸು, ಜನಪದ ತಂಡಕ್ಕೆ ಹತ್ತು ನಿಮಿಷ ಕೊಡುವ ಉತ್ಸವಗಳಿವೆ. ಅನುದಾನ ಯಾರಿಗೆ ಎಂಬ ತೀರ್ಮಾನವನ್ನು ಅಧಿಕಾರದಲ್ಲಿರುವ ಪಕ್ಷದ ಬಣ್ಣ ಮಾಡಿದಾಗ, ಹಣ ಕೊಟ್ಟವರೇ ಆಟದ ಯಜಮಾನರಾಗಿಬಿಡುತ್ತಾರೆ. ಹರಕೆಯ ಆಟ ಕಲಿಸಿದ ಪಾಠ ಅಲ್ಲಿ ತಪ್ಪಿಹೋಗುತ್ತದೆ.

ಹಾಗೆ ತಪ್ಪದಂಥ ದಾರಿಯೊಂದನ್ನು ನಮ್ಮ ಕಾನೂನೇ ಹಾಕಿಕೊಟ್ಟಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಸೆಸ್ ವಸೂಲಾಗುತ್ತದೆ. ಮನೆಯಲ್ಲಿ ಒಂದೂ ಪುಸ್ತಕ ಇಡದವನೂ ಕಟ್ಟುತ್ತಾನೆ, ಓದುವವಳು ಮೂರು ಬೀದಿ ಆಚೆಯ ಹುಡುಗಿ. ಇಬ್ಬರೂ ಎಂದೂ ಭೇಟಿಯಾಗುವುದಿಲ್ಲ. ಆದರೆ ಹೀಗೆ ವಸೂಲಾದ ಹಣವನ್ನು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳಿವೆ. ಪುಸ್ತಕ ಖರೀದಿಗೆ ಹಣ ಸಾಲದೆಂಬ ದೂರು ಲೇಖಕರು, ಪ್ರಕಾಶಕರಿಂದ ಮತ್ತೆ ಮತ್ತೆ ಬರುತ್ತದೆ. ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಸೆಸ್ಸಿನ ಸಾಲು ಇದ್ದೇ ಇರುತ್ತದೆ. ನಾವು ಕಟ್ಟಿದ್ದು ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ತಲುಪಿತೇ ಎಂದು ವಾರ್ಡಿನ ಸದಸ್ಯರನ್ನು, ಪಾಲಿಕೆಯ ಕಚೇರಿಯನ್ನು ಕೇಳುವ ಹಕ್ಕು ಸೆಸ್ ಕಟ್ಟಿದ ಪ್ರತಿಯೊಬ್ಬರಿಗೂ ಇದೆ. ಈ ವರ್ಷದ ತೆರಿಗೆ ಕಟ್ಟುವಾಗಲೇ ಅದನ್ನು ಕೇಳಬೇಕು.