ಮಾಲ್ಕನ ಕಿವಿ

ಓದಿಗೆ: ಸಂತ ಯೊವಾನ್ನರ ಶುಭಸಂದೇಶ 18:1-27



ಬೇಸಿಗೆ ರಜೆಯಲ್ಲಿ ನಮ್ಮ ಹುಡುಗರು ನೋಡಿದ ಸಿನಿಮಾಗಳ ಬಗ್ಗೆ ಈ ತಿಂಗಳ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಫಾದರ್ ಹೇಳಿದಾಗ ಸುಲಭದ ಕೆಲಸ ಅಂದುಕೊಂಡೆ. 2022ರ ಈ ಬೇಸಿಗೆಯಲ್ಲಿ ಎರಡು ವರ್ಷದ ಕೊರೋನಾ ಮುಗಿದು ಥಿಯೇಟರುಗಳು ತುಂಬಿದ್ದವು. ನೋಡಿದ್ದೂ ಬಹಳ, ಮಾತಾಡಿದ್ದೂ ಬಹಳ. ಆದರೆ ಬರೆಯಲು ಕುಳಿತಾಗ ಗೊತ್ತಾಯಿತು, ಒಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಪುಟ ಮುಗಿಯುವುದಿಲ್ಲ ಎಂದು.

ಮೊದಲಿಗೆ ಒಂದು ಮಾತು. ಸಿನಿಮಾ ನೋಡುವುದೇ ಪಾಪ ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಧರ್ಮಸಭೆಯೂ ಹಾಗೆ ಹೇಳಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಮೊದಲ ಎರಡು ದಾಖಲೆಗಳಲ್ಲಿ ಒಂದು ದೈವಾರಾಧನೆಯ ಬಗ್ಗೆ, ಇನ್ನೊಂದು ಸಿನಿಮಾ, ರೇಡಿಯೋ, ಪತ್ರಿಕೆಗಳಂಥ ಸಂಪರ್ಕ ಸಾಧನಗಳ ಬಗ್ಗೆ. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಒಳ್ಳೆಯ ಚಿತ್ರಗಳ ಪಟ್ಟಿಯನ್ನೇ ಕೊಟ್ಟಿತು. ಆಗ ಪೋಪ್ ಆಗಿದ್ದ ಸಂತ ಎರಡನೇ ಜಾನ್ ಪಾಲ್‌ ಯುವಕರಾಗಿದ್ದಾಗ ನಾಟಕಗಳಲ್ಲಿ ಪಾತ್ರ ಮಾಡಿದವರು. ಆದ್ದರಿಂದ ಅಮ್ಮಂದಿರೇ, ಹೆದರಬೇಡಿ. ಹುಡುಗರೇ, ನೀವೂ ಪುಟ ಮುಚ್ಚಬೇಡಿ.

ತಪಸ್ಸುಕಾಲದ ನಡುವೆ, ಮಾರ್ಚ್ 25ರ ಶುಕ್ರವಾರ, ರಾಜಮೌಳಿಯವರ 'ಆರ್‌ಆರ್‌ಆರ್' ಬಂತು. ಅಂದು ಸಂಜೆ ಶಿಲುಬೆ ಹಾದಿಗೆ ಯುವಕರ ಬೆಂಚು ಯಾಕೆ ಖಾಲಿ ಇತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರದಲ್ಲಿ ಒಂದು ದೃಶ್ಯವಿದೆ. ಭೀಮನನ್ನು ಜನರ ಮುಂದೆ ಕಟ್ಟಿಹಾಕಿ ಮುಳ್ಳಿನ ಚಾಟಿಯಿಂದ ಹೊಡೆಯುತ್ತಾರೆ. ಮಂಡಿಯೂರು ಎನ್ನುತ್ತಾರೆ, ಅವನು ಊರುವುದಿಲ್ಲ. ಕೊನೆಗೆ ನೋಡುತ್ತಿದ್ದ ಜನರೇ ತಡೆಯಲಾರದೆ ನುಗ್ಗುತ್ತಾರೆ. ನನ್ನ ಕಣ್ಣಲ್ಲೂ ನೀರು ಬಂತು. ಮನೆಗೆ ಬಂದ ಮೇಲೆ ಹೊಳೆಯಿತು: ಪಿಲಾತನ ಅಂಗಳದಲ್ಲಿ ಯೇಸುಸ್ವಾಮಿಗೆ ಚಾಟಿ ಏಟು ಬಿದ್ದಾಗ ಯಾರೂ ನುಗ್ಗಲಿಲ್ಲ. ಜನ ಕೇಳಿಕೊಂಡದ್ದು ಬರಬ್ಬನನ್ನು. ದಂಗೆ ಎದ್ದು ಕೊಲೆ ಮಾಡಿ ಸೆರೆಯಲ್ಲಿದ್ದವನು ಅವನು ಎಂದು ಸಂತ ಮಾರ್ಕರು ಬರೆಯುತ್ತಾರೆ. ಅಂದರೆ ಆ ಕಾಲದ ಆ್ಯಕ್ಷನ್ ಹೀರೋ. ಜನರಿಗೆ ಬೇಕಾದದ್ದು ಹೊಡೆಯುವವನು, ಹೊಡೆಸಿಕೊಂಡು ಸುಮ್ಮನೆ ನಿಂತವನಲ್ಲ.

ಏಪ್ರಿಲ್ 13ರಂದು ವಿಜಯ್ ಅವರ 'ಬೀಸ್ಟ್', ಮಾರನೆಯ ದಿನ 14ರಂದು ನಮ್ಮ ಯಶ್ ಅವರ 'ಕೆಜಿಎಫ್ ಚಾಪ್ಟರ್ 2'. 'ಬೀಸ್ಟ್' ಶುರುವಾಗುವುದು, ಕಾರ್ಯಾಚರಣೆಯೊಂದರಲ್ಲಿ ಒಂದು ಮಗು ಸತ್ತದ್ದಕ್ಕೆ ಮನಸ್ಸು ಮುರಿದ ಗೂಢಚಾರನಿಂದ. ಒಳ್ಳೆಯ ಆರಂಭ. ಆದರೆ ಆಮೇಲೆ ಎಷ್ಟು ಹೆಣ ಬಿದ್ದರೂ ಆ ದುಃಖ ಅಷ್ಟಾಗಿ ನೆನಪಾಗುವುದಿಲ್ಲ. 'ಕೆಜಿಎಫ್'ನ ರಾಕಿ ಸಾಯುತ್ತಿದ್ದ ಬಡ ತಾಯಿಗೆ ಮಾತು ಕೊಟ್ಟವನು, ಶ್ರೀಮಂತನಾಗಿಯೇ ಸಾಯುತ್ತೇನೆ ಎಂದು. ಮಾತು ಉಳಿಸಿಕೊಳ್ಳುತ್ತಾನೆ. ಕೊನೆಗೆ ಗಳಿಸಿದ ಚಿನ್ನದ ಜೊತೆಗೇ ಸಮುದ್ರಕ್ಕಿಳಿಯುತ್ತಾನೆ. ಇಡೀ ಲೋಕವನ್ನು ಗೆದ್ದು ಪ್ರಾಣವನ್ನೇ ಕಳೆದುಕೊಂಡರೆ ಏನು ಲಾಭ ಎಂದು ಪ್ರಭು ಕೇಳಿದ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಪರದೆಯ ಮೇಲೆ ಉದಾಹರಣೆ ಸಿಗಲಿಕ್ಕಿಲ್ಲ. ಆದರೆ ಥಿಯೇಟರಿನಲ್ಲಿ ನಾವು ಶಿಳ್ಳೆ ಹೊಡೆದದ್ದು ಅಲ್ಲಿಗಲ್ಲ, 'ದೊಡ್ಡಮ್ಮ' ಎಂಬ ಬಂದೂಕು ಗುಂಡು ಉಗುಳಿದಾಗ.

ನಮ್ಮ ಅಜ್ಜಿಯ ಅಣ್ಣ ನಿಜವಾದ ಕೆ.ಜಿ.ಎಫ್‌ನಲ್ಲಿ ಗಣಿ ಕೆಲಸ ಮಾಡಿದವರು. ಹೊಸೂರಿನಿಂದ ದೂರವೇನಲ್ಲ. ಅಲ್ಲಿಯ ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಆಳ ಇಳಿದಿತ್ತು. ಕಲ್ಲಿನ ಧೂಳು ಶ್ವಾಸಕೋಶ ಸೇರಿ, ಕೆಮ್ಮಿ ಕೆಮ್ಮಿಯೇ ಅವರು ತೀರಿಹೋದರು. 2001ರಲ್ಲಿ ಗಣಿ ಮುಚ್ಚಿತು. ಅವರನ್ನು ಬಿಡಿಸಲು ಯಾವ ರಾಕಿಯೂ ಬರಲಿಲ್ಲ. ಸಿನಿಮಾದಲ್ಲಿ ಸಾವಿರಾರು ಕೂಲಿಗಳು ಕಾಣಿಸುತ್ತಾರೆ, ನೂರಾರು ಜನ ಬೀಳುತ್ತಾರೆ. ಬಿದ್ದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಅವರಿಗೂ ತಾಯಿ ಇದ್ದಳೇ ಎಂದು ಯಾರಾದರೂ ಯೋಚಿಸಿದೆವೇ? ಆ್ಯಕ್ಷನ್ ಸಿನಿಮಾದ ನಿಯಮವೇ ಅದು. ಹೊಡೆದವನಿಗೆ ಹೆಸರಿರುತ್ತದೆ, ಏಟು ತಿಂದವನಿಗೆ ಇರುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಏಪ್ರಿಲ್ 14 ಪವಿತ್ರ ಗುರುವಾರ. ನಮ್ಮ ಧರ್ಮಕೇಂದ್ರದಲ್ಲಿ ಅಂದು ತಮಿಳು, ಕನ್ನಡ ಎರಡೂ ಭಾಷೆಯವರಿಗೆ ಸೇರಿ ಒಂದೇ ಬಲಿಪೂಜೆ. ಪಾದ ತೊಳೆಯುವ ವಿಧಿಗೆ 12 ಜನ, ತಮಿಳಿನವರು ಆರು, ಕನ್ನಡದವರು ಆರು. ಅವರನ್ನು ಸೇರಿಸುವ ಕೆಲಸ ನನ್ನದು. ಪೂಜೆ ಇರುವುದು ಸಂಜೆ ತಾನೇ ಎಂದು ನಾನೇ ಮಧ್ಯಾಹ್ನದ ಆಟಕ್ಕೆ 'ಕೆಜಿಎಫ್' ಟಿಕೆಟ್ ಬುಕ್ ಮಾಡಿದೆ. ನಮ್ಮ ಧರ್ಮಕೇಂದ್ರದ ತಮಿಳು ಹುಡುಗರು ಅದೇ ಕಾಂಪ್ಲೆಕ್ಸಿನ ಇನ್ನೊಂದು ಪರದೆಯಲ್ಲಿ 'ಬೀಸ್ಟ್' ನೋಡುತ್ತಿದ್ದರು. ಯಾವುದು ದೊಡ್ಡ ಸಿನಿಮಾ ಎಂಬ ಜಗಳ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ದಿನದಿಂದ ನಡೆದಿತ್ತು. ಸಂಯೋಜಕನಾದ ನಾನು ಅದನ್ನು ನಿಲ್ಲಿಸಲಿಲ್ಲ. ನಗುವ ಚಿತ್ರ ಹಾಕುತ್ತಾ ಕುಳಿತಿದ್ದೆ.

ಆಟ ಬಿಟ್ಟ ಮೇಲೆ ಪಾರ್ಕಿಂಗಿನಲ್ಲಿ ಇಬ್ಬರೂ ಎದುರಾದರು. ಒಂದು ಮಾತು, ಅದಕ್ಕೆ ಇನ್ನೊಂದು ಮಾತು. ಸಿನಿಮಾ ಹೋಗಿ ಭಾಷೆ ಬಂತು. ಭಾಷೆ ಹೋಗಿ ಅಪ್ಪ ಅಮ್ಮ ಬಂದರು. ನಮ್ಮವನೊಬ್ಬ ಅವರಲ್ಲಿ ಒಬ್ಬನ ಎಡಗೆನ್ನೆಗೆ ಬಾರಿಸಿದ. ಒಂದೇ ಏಟು. ಸಿನಿಮಾದಲ್ಲಾದರೆ ಅಂಥ ಏಟು ತಿಂದವನು ಗಾಳಿಯಲ್ಲಿ ಹಾರಿ ಕಾರಿನ ಮೇಲೆ ಬೀಳುತ್ತಾನೆ, ಮುಂದಿನ ದೃಶ್ಯದಲ್ಲಿ ಎದ್ದು ಬರುತ್ತಾನೆ. ಇಲ್ಲಿ ಹಾಗಾಗಲಿಲ್ಲ. ಹುಡುಗ ಹಾರಲಿಲ್ಲ, ಕಿವಿ ಹಿಡಿದು ಅಲ್ಲೇ ಕುಳಿತುಬಿಟ್ಟ. ಬಿ.ಎಸ್ಸಿ. ಓದಿದವನಾಗಿ ಇಷ್ಟು ಹೇಳಬಲ್ಲೆ: ಅಂಗೈ ಕಿವಿಯ ಮೇಲೆ ಬಿದ್ದರೆ ಒಳಗಿನ ಗಾಳಿ ಒಮ್ಮೆಲೇ ಒತ್ತಿ ಕಿವಿಯ ತಮಟೆ ಹರಿಯುತ್ತದೆ. ಅವನಿಗೆ ಆದದ್ದು ಅದೇ. ಅವನು ಪಾದ ತೊಳೆಸಿಕೊಳ್ಳಬೇಕಿದ್ದ ಹನ್ನೆರಡು ಜನರಲ್ಲಿ ಒಬ್ಬ.

ನಾನು ಆಗ ಏನು ಮಾಡುತ್ತಿದ್ದೆ? ಸ್ಟೇಟಸ್ಸಿಗೆ ಹಾಕಲು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ.

ಸಂಜೆ ಪೂಜೆಗೆ ಮುಂಚೆ ಫಾದರ್ ಕೇಳಿದರು, "ಏನೋ ಗಲಾಟೆಯಂತೆ, ನೀನು ಅಲ್ಲಿದ್ದೆಯಾ?" "ಇಲ್ಲ ಫಾದರ್, ನಾನು ಮೊದಲೇ ಹೊರಟುಬಂದೆ" ಎಂದೆ. ಖಾಲಿಯಾದ ಕುರ್ಚಿಯಲ್ಲಿ ಸಮಾಧಿ ತೋಟ ನೋಡಿಕೊಳ್ಳುವ ತಾತ ಕುಳಿತರು. ಗುರುಗಳು ಅವರ ಪಾದಕ್ಕೆ ಬಗ್ಗಿದಾಗ ನಾನು ನೆಲ ನೋಡುತ್ತಿದ್ದೆ.

ಮಾರನೆಯ ದಿನ ಶುಭ ಶುಕ್ರವಾರ. ನಮ್ಮಲ್ಲಿ ಯಾತನೆಯ ವೃತ್ತಾಂತವನ್ನು ಒಂದು ವರ್ಷ ತಮಿಳಿನಲ್ಲಿ, ಒಂದು ವರ್ಷ ಕನ್ನಡದಲ್ಲಿ ಓದುತ್ತಾರೆ. ಈ ವರ್ಷ ಕನ್ನಡದ ಸರದಿ. ನಿರೂಪಕನ ಭಾಗ ನನ್ನದು. ಆ ಹುಡುಗ ಕಿವಿಗೆ ಹತ್ತಿ ಇಟ್ಟುಕೊಂಡು ತಾಯಿಯ ಪಕ್ಕ ಮೂರನೇ ಬೆಂಚಿನಲ್ಲಿ ಕುಳಿತಿದ್ದ. ತೋಟದಲ್ಲಿ ಪೇತ್ರ ಕತ್ತಿ ಹಿರಿಯುವ ಜಾಗಕ್ಕೆ ಬಂದೆ. ಪ್ರಧಾನ ಯಾಜಕನ ಆಳಿನ ಕಿವಿ ಕತ್ತರಿಸಿದ್ದನ್ನು ಓದಿದೆ. ಮುಂದಿನ ವಾಕ್ಯ ಆ ಆಳಿನ ಹೆಸರು. ಅಲ್ಲಿ ನನ್ನ ಸ್ವರ ನಿಂತುಹೋಯಿತು. ಜಾಗ ತಪ್ಪಿದೆ ಎಂದುಕೊಂಡು ಪಕ್ಕದಲ್ಲಿದ್ದ ಸಿಸ್ಟರ್ ಬೆರಳಿಟ್ಟು ತೋರಿಸಿದರು.

ಪ್ರಿಯರೇ, ಈ ಘಟನೆ ನಾಲ್ಕೂ ಶುಭಸಂದೇಶಗಳಲ್ಲಿದೆ. ಆದರೆ ಆಳಿನ ಹೆಸರು ಮಾಲ್ಕ ಎಂದು ಬರೆದವರು ಸಂತ ಯೊವಾನ್ನರು ಮಾತ್ರ. ಯೇಸುಸ್ವಾಮಿ ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು ಎಂದು ಬರೆದವರು ಸಂತ ಲೂಕರು ಮಾತ್ರ. ಯೋಚಿಸಿ ನೋಡಿ. ಮಾಲ್ಕ ಬಂಧಿಸಲು ಬಂದ ಗುಂಪಿನವನು. ಸಿನಿಮಾ ಭಾಷೆಯಲ್ಲಿ ವಿಲನ್ ಕಡೆಯ ಸೈಡ್ ರೌಡಿ. ಅಂಥವನ ಹೆಸರನ್ನು ಶುಭಸಂದೇಶ ಎರಡು ಸಾವಿರ ವರ್ಷದಿಂದ ಕಾಪಾಡಿಕೊಂಡು ಬಂದಿದೆ. ಪ್ರಭು ಸೆರೆಯಾಗುವ ಮುನ್ನ ತಮ್ಮ ಕೈಯಿಂದ ಮಾಡಿದ ಕೊನೆಯ ಉಪಕಾರ ಅವನಿಗೇ. ಆಮೇಲೆ ಆ ಕೈಗಳನ್ನು ಕಟ್ಟಿದರು.

ಅವರಲ್ಲಿ ಬಲವಿರಲಿಲ್ಲವೇ? ತಂದೆಯನ್ನು ಕೇಳಿದರೆ ದೇವದೂತರ ಹನ್ನೆರಡು ದಳಕ್ಕಿಂತ ಹೆಚ್ಚು ಬರುತ್ತಿತ್ತೆಂದು ಅವರೇ ಪೇತ್ರನಿಗೆ ಹೇಳುವುದು ಸಂತ ಮತ್ತಾಯರಲ್ಲಿದೆ. ಕರೆಯಲಿಲ್ಲ. ಹೊಡೆಯುವುದಕ್ಕೆ ಬಲ ಬೇಕು, ನಿಜ. ಎತ್ತಿದ ಕೈಯನ್ನು ತಡೆಯುವುದಕ್ಕೆ ಅದಕ್ಕಿಂತ ಹೆಚ್ಚು ಬಲ ಬೇಕು.

ಇನ್ನು ಪೇತ್ರ. ನಾನು ಅವನನ್ನು ಬೈಯಲಾರೆ. ಅವನು ತನ್ನ ನಾಯಕನಿಗಾಗಿ ಕತ್ತಿ ಎತ್ತಿದವನು, ದೊಡ್ಡ ಅಭಿಮಾನಿ. ಆದರೆ ಅದೇ ರಾತ್ರಿ ಚಳಿ ಕಾಯಿಸುತ್ತಾ ನಿಂತಾಗ ಅವನನ್ನು ಗುರುತಿಸಿದವರಲ್ಲಿ ಒಬ್ಬ ಯಾರು ಗೊತ್ತೇ? ಕಿವಿ ಕಳೆದುಕೊಂಡವನ ಸಂಬಂಧಿಕ. ತೋಟದಲ್ಲಿ ನಿನ್ನನ್ನು ನೋಡಿದೆನಲ್ಲಾ ಎಂದು ಅವನು ಕೇಳುತ್ತಾನೆ. ಪೇತ್ರ ಇಲ್ಲ ಎನ್ನುತ್ತಾನೆ, ಕೋಳಿ ಕೂಗುತ್ತದೆ. ತೋಟದಲ್ಲಿ ವೀರನಾಗಿದ್ದವನನ್ನು ಅಂಗಳದಲ್ಲಿ ಸುಳ್ಳುಗಾರನನ್ನಾಗಿ ಮಾಡಿದ್ದು ಅವನು ಕೊಟ್ಟ ಏಟೇ. "ನೀನು ಅಲ್ಲಿದ್ದೆಯಾ" ಎಂಬ ಪ್ರಶ್ನೆ, "ಇಲ್ಲ" ಎಂಬ ಉತ್ತರ. ಇದನ್ನು ಮೈಕಿನ ಮುಂದೆ ಓದಿದವನು ನಾನು.

ಆರಾಧನೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ನನಗೆ ಹೇಳಿದ್ದಾಯಿತು, ಈಗ ಅವರ ಮನೆಗೆ ಹೋಗು" ಎಂದರು. ಪಾಪನಿವೇದನೆಗಿಂತ ಅದೇ ಕಷ್ಟವಾಯಿತು. ಶನಿವಾರ ಬೆಳಿಗ್ಗೆ ಹೊಡೆದ ಹುಡುಗನನ್ನೂ ಕರೆದುಕೊಂಡು ಹೋದೆ. ತಾಯಿ ಬಾಗಿಲಲ್ಲೇ ನಿಲ್ಲಿಸಿ ತಮಿಳಿನಲ್ಲಿ ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಫೋನಿನಲ್ಲಿದ್ದ ವಿಡಿಯೋವನ್ನು ಅವರ ಮುಂದೆಯೇ ಅಳಿಸಿದೆ. ಸಣ್ಣ ತೂತು, ಕೆಲವು ವಾರದಲ್ಲಿ ತಾನಾಗಿ ಕೂಡುತ್ತದೆ, ಕಿವಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದರಂತೆ.

ಅಂದು ರಾತ್ರಿ ಪಾಸ್ಖ ಜಾಗರಣೆ. ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಿದ ಮೇಲೆ ಗುರುಗಳು ತೀರ್ಥ ಪ್ರೋಕ್ಷಿಸುತ್ತಾ ಬಂದರು. ಆ ಹುಡುಗನ ಹಿಂದಿನ ಬೆಂಚಿನಲ್ಲಿ ನಿಂತಿದ್ದ ಹೊಡೆದವನು ತನ್ನ ಹಾಡಿನ ಪುಸ್ತಕವನ್ನು ಅವನ ಎಡಗಿವಿಗೆ ಅಡ್ಡ ಹಿಡಿದ. ನೀರೆಲ್ಲ ಪುಸ್ತಕದ ಮೇಲೆ ಬಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಈ ಬೇಸಿಗೆಯಲ್ಲಿ ನಾನು ನೋಡಿದ ಅತ್ಯುತ್ತಮ ಆ್ಯಕ್ಷನ್ ದೃಶ್ಯ ಯಾವುದು ಎಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಮೇ ಕೊನೆಗೆ ಕಿವಿ ಕೂಡಿತು. ಜೂನ್ 3ಕ್ಕೆ ಕಮಲ್ ಹಾಸನ್ ಅವರ 'ವಿಕ್ರಮ್' ಬಂತು. ಮಾರನೆಯ ದಿನ ತಮಿಳು, ಕನ್ನಡ ಎರಡೂ ಕಡೆಯ ಹುಡುಗರು ಒಟ್ಟಿಗೆ ಟಿಕೆಟ್ ತೆಗೆದು ಒಂದೇ ಸಾಲಿನಲ್ಲಿ ಕುಳಿತೆವು. ಅಲ್ಲಿಯೂ ಗುಂಡುಗಳಿಗೆ ಲೆಕ್ಕವಿಲ್ಲ. ಆದರೆ ವಾಪಸು ಬರುವಾಗ ಹುಡುಗರು ಮಾತಾಡಿದ್ದು ಬೇರೆ. ಹೃದಯದ ತೊಂದರೆಯಿರುವ ಮೊಮ್ಮಗನನ್ನು ಉಳಿಸಲು ಒದ್ದಾಡುವ ತಾತನ ಬಗ್ಗೆ, ಮತ್ತು ಯಾರೂ ಗಮನಿಸದ ಮನೆಗೆಲಸದ ಹೆಂಗಸು ಏಜೆಂಟ್ ಟೀನಾ ಎಂದು ತಿಳಿದಾಗ ಆದ ಆಶ್ಚರ್ಯದ ಬಗ್ಗೆ. ಒಂದು ಹೆಸರು ಸಿಕ್ಕಿದ ಕೂಡಲೇ ಆಕೆಯ ಸಾವು ನಮ್ಮನ್ನು ಮುಟ್ಟಿತು. ನೋಡಿದಿರಾ, ಹೆಸರಿಗೆ ಎಷ್ಟು ಶಕ್ತಿ!

ಅದರ ಮಾರನೆಯ ದಿನ ಪಂಚಾಶತ್ತಮ ಹಬ್ಬ. ಆ ದಿನ ಪ್ರೇಷಿತರಿಗೆ ಹಲವು ನಾಲಿಗೆಗಳ ವರ ಸಿಕ್ಕಿತು ಎಂದು ನಾವು ಹೇಳುತ್ತೇವೆ. ಆದರೆ ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಜನ ಬೆರಗಾದದ್ದು ತಮ್ಮ ತಮ್ಮ ಭಾಷೆಯಲ್ಲಿ ಕೇಳಿಸಿಕೊಂಡದ್ದಕ್ಕೆ. ಅದು ಕಿವಿಗಳ ಹಬ್ಬವೂ ಹೌದು. ನಮ್ಮ ಧರ್ಮಪುರಿ ಧರ್ಮಪ್ರಾಂತ್ಯದಲ್ಲಿ ಕನ್ನಡದವರು ಕಡಿಮೆ. ನಮ್ಮ ಭಾಷೆಯ ಪೂಜೆ, ನಮ್ಮ ಹಾಡು ಉಳಿಯಬೇಕು ಎಂದು ಕೇಳುವುದು ತಪ್ಪಲ್ಲ. ಆದರೆ ಇನ್ನೊಬ್ಬನ ಕಿವಿ ಹರಿದು ನಮ್ಮ ಭಾಷೆಯನ್ನು ಯಾರಿಗೂ ಕೇಳಿಸಲಾಗುವುದಿಲ್ಲ.

ಯುವಜನರೇ, ಮುಂದಿನ ಸಿನಿಮಾಕ್ಕೂ ಹೋಗೋಣ. ಪೂಜೆಯ ಸಮಯ ನೋಡಿಕೊಂಡು ಟಿಕೆಟ್ ತೆಗೆಯೋಣ. ಪರದೆಯ ಮೇಲೆ ಒಬ್ಬ ಬಿದ್ದಾಗ, ಇವನ ಹೆಸರೇನಿರಬಹುದು ಎಂದು ಒಮ್ಮೆಯಾದರೂ ಕೇಳಿಕೊಳ್ಳೋಣ. ನಮ್ಮ ಮುಂದೆ ನಿಜವಾಗಿ ಯಾರಾದರೂ ಕೈ ಎತ್ತಿದರೆ ಫೋನನ್ನು ಜೇಬಿಗಿಟ್ಟು ನಡುವೆ ಹೋಗಿ ನಿಲ್ಲೋಣ. ತಡವಾಗಿದ್ದರೆ, ಆ ಮನೆಯ ಬಾಗಿಲು ತಟ್ಟೋಣ.

ಪ್ರಾರ್ಥಿಸೋಣ. ಪ್ರಭುವೇ, ಮಾಲ್ಕನ ಕಿವಿಯನ್ನು ಮುಟ್ಟಿದ ನಿಮ್ಮ ಕೈ ನಮ್ಮ ಕೈಗಳನ್ನು ತಡೆಯಲಿ. ನಾವು ನೋಯಿಸಿದವರನ್ನು ನೀವೇ ಗುಣಪಡಿಸಿರಿ. ಅವರನ್ನು ಹೆಸರು ಹಿಡಿದು ಕರೆಯುವ ಧೈರ್ಯವನ್ನು ನಮಗೆ ಕೊಡಿರಿ. ಆಮೆನ್.

ಯುವಜನ ಸಂಯೋಜಕ