ಶ್ರೇಯಸ್ಸು ಯಾರ ಕೈಯಡುಗೆ?

ಪುಣೆಯ ಹಿಂಜೆವಾಡಿಯಲ್ಲಿ ದುಡಿದು ದಣಿದವರು ಫೋನಿನಲ್ಲೇ ಊಟ ತರಿಸಿಕೊಂಡರೆ ಅದನ್ನು ನಾಲಗೆಯ ಚಪಲವೆನ್ನುವುದು ಸುಲಭ. ಹಿತವಾದ ಶ್ರೇಯಸ್ಸನ್ನೂ ಪ್ರಿಯವಾದ ಪ್ರೇಯಸ್ಸನ್ನೂ ಬೇರ್ಪಡಿಸುವ ಕಠೋಪನಿಷತ್ತೂ ನೆರವಿಗೆ ಬರುತ್ತದೆ: ಮನೆಯಡುಗೆ ಶ್ರೇಯಸ್ಸು, ಹೋಟೆಲು ಪ್ರೇಯಸ್ಸು. ಆದರೆ ಅಲ್ಲಿ ಬಾಲಕ ನಚಿಕೇತನ ಮುಂದೆ ಯಮ ಇಟ್ಟ ಆಯ್ಕೆಗೆ ಬೆಲೆ ತೆರಬೇಕಾದವನು ಅವನೇ. ಮನೆಯೂಟದ ಹಿತಕ್ಕೆ ಬೆಲೆ ತೆರುವವರು ಸಾಮಾನ್ಯವಾಗಿ ಬೇರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97. ಹೊರಗೆ ಉಣ್ಣುವುದು ಪುಣೆಗೆ ಹೊಸದೂ ಅಲ್ಲ. ಬಡ ವಿದ್ಯಾರ್ಥಿಗಳು ಇಲ್ಲಿ ವಾರಾನ್ನ ಉಂಡು, ಮನೆಮನೆಯಿಂದ ಮಾಧುಕರಿ ಭಿಕ್ಷೆ ತಂದು ಓದಿದರು. ಆಮೇಲೆ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಕರಾವಳಿಯ ಜಗನ್ನಾಥ ಶೆಟ್ಟರ ‘ವೈಶಾಲಿ’ ಹೋಟೆಲು ಬಂತು.

ಹೋಟೆಲಿನ ಎಣ್ಣೆ, ಉಪ್ಪು ಹೆಚ್ಚಲ್ಲವೇ ಎಂದರೆ, ಬಹುಪಾಲು ಹೌದು. ದೇಹ ಯಾರ ನೆಪವನ್ನೂ ಕೇಳುವುದಿಲ್ಲ. ಆದರೆ ಗೀತೆಯ 17ನೇ ಅಧ್ಯಾಯ ಹೊತ್ತು ಮೀರಿದ ಅನ್ನವನ್ನು ತಾಮಸವೆನ್ನುತ್ತದೆ. ಫ್ರಿಜ್ಜಿನಲ್ಲಿರುವ ಮೊನ್ನೆಯ ಸಾರೂ, ಮನೆಯದೇ ಆದರೂ, ಆ ಲೆಕ್ಕಕ್ಕೆ ಸೇರುತ್ತದೆ! ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಕೆಲಸದಿಂದ ಮರಳಿ, ಒಬ್ಬಳೇ ಒಲೆ ಹಚ್ಚಬೇಕಾದ ಮನೆಯಲ್ಲಿ ಪಾರ್ಸೆಲ್ಲನ್ನು ಇಂದ್ರಿಯದ ಸೋಲು ಎನ್ನಲಾಗದು. ಒಂಟಿ ಯುವಕರಿಗೆ ಈ ಸಮಜಾಯಿಷಿ ಇಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ಅವರಲ್ಲಿ ಅನೇಕರಿಗೆ ಅನ್ನಕ್ಕೆ ನೀರೆಷ್ಟು ಎಂಬುದನ್ನೂ ಕಲಿಸದೆ ಕಳಿಸಿದ್ದು, ಅದೇ ಮನೆಯಡುಗೆಯನ್ನು ಹೊಗಳುವ ಮನೆಗಳು.