ರಾಣಿಯ ಗಂಧ, ಕೆಲಸಗಾರರ ಒಪ್ಪಿಗೆ

ಜೇನುಗೂಡಿನ ರಾಣಿ ಯಾರನ್ನೂ ಆಳುವುದಿಲ್ಲ, ತಾನಿದ್ದೇನೆ ಎಂಬ ಸುದ್ದಿಯನ್ನಷ್ಟೇ ಕೊಡುತ್ತಾಳೆ. ಕೆಲಸಗಾರ ಜೇನುಗಳು ಅದನ್ನು ತಿಳಿದು, ತಮ್ಮ ಹಿತಕ್ಕಾಗಿಯೇ ಮೊಟ್ಟೆ ಇಡದೆ ಉಳಿಯುತ್ತವೆ. ಜೇನು ಸಾಕಣೆಯ ತರಬೇತಿಗಳಲ್ಲಿ, ವಿಜ್ಞಾನದ ಭಾಷಣಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹೇಳುವವರ ದನಿಯಲ್ಲಿ ಒಂದು ನೆಮ್ಮದಿ ಇರುತ್ತದೆ. ನನ್ನನ್ನು ಕೆಣಕುವುದು ಆ ನೆಮ್ಮದಿ. ದಬ್ಬಾಳಿಕೆ ಇಲ್ಲವೆಂದು ತೋರಿಸಿದ ಮಾತ್ರಕ್ಕೆ ಒಪ್ಪಿಗೆ ಇದೆಯೆಂದು ಆಗಿಬಿಡುತ್ತದೆಯೇ? ಆಗುವುದಿಲ್ಲವೆಂದು ವಾದಿಸಲು ಹೊರಟಿದ್ದೇನೆ.

ಗೂಡಿನಲ್ಲಿ ರಾಜನನ್ನು ಕಂಡ ಅರಿಸ್ಟಾಟಲ್, ಆಮೇಲೆ ಅಲ್ಲಿ ಆದರ್ಶ ರಾಜ್ಯವನ್ನು ಕಂಡು ಕೊಂಡಾಡಿದವರು, ಇವರೆಲ್ಲ ಇಲ್ಲಿ ನನಗೆ ಬೇಡ. ಅವರು ನೋಡಿದ್ದು ಮನುಷ್ಯರ ಸಿಂಹಾಸನವನ್ನು. ನಾನು ಎದುರಾಗಬೇಕಾದದ್ದು ಲಾರೆಂಟ್ ಕೆಲ್ಲರ್ ಮತ್ತು ಪೀಟರ್ ನೋನಾಕ್ಸ್ 1993ರಲ್ಲಿ ಮುಂದಿಟ್ಟ ವಾದಕ್ಕೆ.

ಅವರಿಗಿಂತ ಮೊದಲು ನಿಯಂತ್ರಣದ ಮಾತೇ ನಡೆಯುತ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಕಾಲಿನ್ ಬಟ್ಲರ್ 1954ರ ಹೊತ್ತಿಗೆ, ರಾಣಿಯ ಮೈಯಿಂದ ಬರುವ ಒಂದು ವಸ್ತು ಗೂಡಿನಲ್ಲಿ ಹೊಸ ರಾಣಿಯನ್ನು ಬೆಳೆಸದಂತೆ ತಡೆಯುತ್ತದೆ ಎಂದು ಕಂಡುಕೊಂಡಿದ್ದರು. 1988ರಲ್ಲಿ ಕೆನಡಾದ ಸಂಶೋಧಕರು ರಾಣಿಯ ದವಡೆ ಗ್ರಂಥಿಯ ಸ್ರಾವದಲ್ಲಿ ಐದು ರಾಸಾಯನಿಕಗಳು ಕೂಡಿ ಕೆಲಸ ಮಾಡುತ್ತವೆಂದು ತೋರಿಸಿದರು. ಸುತ್ತ ನೆರೆಯುವ ಪರಿಚಾರಕ ಜೇನುಗಳು ರಾಣಿಯನ್ನು ನೆಕ್ಕುತ್ತವೆ, ಕುಡಿಮೀಸೆಯಿಂದ ಸವರುತ್ತವೆ, ಆ ಗಂಧವನ್ನು ಮೈಗೆ ಹತ್ತಿಸಿಕೊಂಡು ಎರಿಗಳ ಮೇಲೆಲ್ಲ ಓಡಾಡುತ್ತವೆ. ರಾಣಿ ಕಾಣೆಯಾದರೆ ಒಂದು ದಿನದೊಳಗೇ ರಾಣಿಕೋಶ ಕಟ್ಟುವ ಕೆಲಸ ಶುರುವಾಗಿಬಿಡುತ್ತದೆ.

ಕೆಲ್ಲರ್ ಮತ್ತು ನೋನಾಕ್ಸ್ ಎತ್ತಿದ ಪ್ರಶ್ನೆ ಇದು: ಈ ಗಂಧ ನಿಜಕ್ಕೂ ಬಲವಂತವಾಗಿದ್ದರೆ, ಅದಕ್ಕೆ ಮಣಿಯದ ಕೆಲಸಗಾರ ಜೇನುಗಳು ಹುಟ್ಟಿ, ತಮ್ಮವೇ ಮೊಟ್ಟೆಗಳನ್ನಿಟ್ಟು, ಆ ಗುಣ ತಲೆಮಾರುಗಳಲ್ಲಿ ಹರಡಬೇಕಿತ್ತಲ್ಲ? ಹಾಗಾಗಿಲ್ಲ ಎಂದರೆ ಮಣಿಯುವುದರಲ್ಲೇ ಅವುಗಳ ಲಾಭವಿರಬೇಕು. ಗಂಧ ಬೇಡಿಯಲ್ಲ, ಸುಳ್ಳಾಡದ ಸೂಚನೆ. ಪ್ರಶ್ನೆ ಚೆನ್ನಾಗಿದೆ, ಅದಕ್ಕೆ ಪುರಾವೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರ ತಂಡ ಅಧ್ಯಯನ ಮಾಡಿದ ಕಣಜದ ರಾಣಿ ಯಾರ ಮೇಲೂ ಎರಗುವುದಿಲ್ಲ. ಅವಳ ಗ್ರಂಥಿಯ ರಾಸಾಯನಿಕಗಳು ಅಂಡಾಶಯದ ಸ್ಥಿತಿಯನ್ನು ಇದ್ದ ಹಾಗೆ ಹೇಳುತ್ತವೆ.

ಆದರೆ 2007ರಲ್ಲಿ ನ್ಯೂಜಿಲೆಂಡಿನ ಆಲಿಸನ್ ಮರ್ಸರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಈ ವಾದದ ಪಕ್ಕದಲ್ಲಿಟ್ಟು ನೋಡಿ. ಒಂದು ವಾಸನೆಯ ಜೊತೆಗೆ ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟರೆ ಜೇನು ಆ ವಾಸನೆಗೆ ಹೆದರಲು ಕಲಿಯುತ್ತದೆ. ರಾಣಿಯ ಗಂಧದಲ್ಲೇ ಬೆಳೆದ ಎಳೆಯ ಜೇನುಗಳು ಇದನ್ನು ಕಲಿಯಲಿಲ್ಲ. ಸಿಹಿಯ ಜೊತೆ ಬಂದ ವಾಸನೆಯನ್ನು ಮಾತ್ರ ಎಂದಿನಂತೆ ಕಲಿತವು. ಗಂಧದಲ್ಲಿರುವ ಹೋಮೋವನಿಲಿಲ್ ಆಲ್ಕೋಹಾಲ್ ಮಿದುಳಿನ ಡೋಪಮಿನ್ ಅನ್ನು ಹೋಲುವ ವಸ್ತು. ಅದು ಡೋಪಮಿನ್ ದಾರಿಯಲ್ಲೇ ಕೈಯಾಡಿಸುತ್ತದೆ. ನೋವು ಕೊಟ್ಟದ್ದನ್ನು ನೋವು ಕೊಟ್ಟದ್ದೆಂದು ನೆನಪಿಡುವ ಶಕ್ತಿಯನ್ನೇ ತಡೆಹಿಡಿಯುವುದಕ್ಕೆ ಸುದ್ದಿ ಎಂದು ಹೆಸರಿಡುವುದು ಹೇಗೆ?

ನಾನು ಬೆಳೆದದ್ದು ಮಲೆನಾಡಿನ ಕೂಡುಕುಟುಂಬದಲ್ಲಿ. ಜಗುಲಿಯಲ್ಲಿ ಅಜ್ಜಿ ಕೆಮ್ಮಿದರೆ ಅಡುಗೆಮನೆಯ ಮಾತು ನಿಲ್ಲುತ್ತಿತ್ತು. ಅಜ್ಜಿ ಯಾರಿಗೂ ಬೈದವಳಲ್ಲ. ಆ ಕೆಮ್ಮು ಬರೀ ಸೂಚನೆಯೇ: ಅಜ್ಜಿ ಎದ್ದಿದ್ದಾಳೆ ಅಂತ. ಹದಿನೈದು ಹದಿನಾರಕ್ಕೇ ಸೊಸೆಯಾಗಿ ಬಂದಿದ್ದ ದೊಡ್ಡಮ್ಮನನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದೆ, ಬೇಸರ ಅನ್ನಿಸುತ್ತಿರಲಿಲ್ಲವಾ ಎಂದು. "ಬೇಸರ ಮಾಡ್ಕೊಳ್ಳೋದು ಅಂತ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ ಮಗಾ" ಎಂದಳು. ಓದು ಮುಗಿಸಿ, ಕೆಲಸದಲ್ಲಿದ್ದು ಬಂದ ಚಿಕ್ಕಮ್ಮನೂ ಕೆಮ್ಮು ಕೇಳಿದರೆ ಸುಮ್ಮನಾಗುತ್ತಿದ್ದಳು. ಅವಳ ಮೌನ ಬೇರೆಯದಾಗಿತ್ತು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಕೆಲ್ಲರ್ ಮತ್ತು ನೋನಾಕ್ಸ್ ಅವರ ಲೆಕ್ಕದಲ್ಲೂ ಎರಡೂ ಒಂದೇ, ಏಕೆಂದರೆ ಆ ಲೆಕ್ಕ ಕಡೆಗೆ ಯಾರ ವಂಶ ಬೆಳೆಯಿತು ಎಂದಷ್ಟೇ ಕೇಳುತ್ತದೆ. ವಂಶದ ಲಾಭವನ್ನು ಬದುಕಿದವಳ ಒಪ್ಪಿಗೆ ಎಂದು ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಗೆದ್ದಂತೆ ಕಾಣುತ್ತೇನೆ, ಆದರೆ ಗೂಡು ಅಷ್ಟು ಸರಳವಿಲ್ಲ. ಕೆಲಸಗಾರ ಜೇನು ಕದ್ದು ಇಟ್ಟ ಮೊಟ್ಟೆಯನ್ನು ತಿಂದುಹಾಕುವುದು ರಾಣಿಯಲ್ಲ, ಅದರ ಅಕ್ಕತಂಗಿಯರು. 1989ರಲ್ಲಿ ರಾಟ್ನೀಕ್ಸ್ ಮತ್ತು ವಿಷರ್ ಇದನ್ನು ತೋರಿಸಿದರು. ರಾಣಿ ಹಲವು ಗಂಡುಗಳೊಡನೆ ಕೂಡಿರುವುದರಿಂದ ಗೂಡಿನ ಹೆಚ್ಚಿನ ಅಕ್ಕತಂಗಿಯರು ಒಂದೇ ತಂದೆಯ ಮಕ್ಕಳಲ್ಲ. ಅವರ ಮಗನಿಗಿಂತ ತಾಯಿಯ ಮಗನೇ ಕೆಲಸಗಾರ ಜೇನಿಗೆ ಹತ್ತಿರದ ನೆಂಟ. ಹಾಗಾದರೆ ಬಲವಂತ ಖಂಡಿತ ಇದೆ, ರಾಣಿಯ ಕೈಯಲ್ಲಿ ಇಲ್ಲ. ಮರಿಹುಳುಗಳ ಗಂಧವೂ ಕೆಲಸಗಾರರ ಅಂಡಾಶಯವನ್ನು ತಡೆಯುತ್ತದೆ. ಗೂಡು ಪಾಲಾಗುವ ಮುನ್ನ ರಾಣಿಗೆ ಮೇವು ಕಡಿಮೆ ಮಾಡಿ, ಹಾರುವಷ್ಟು ಮೈ ಇಳಿಸುವವರೂ ಕೆಲಸಗಾರರೇ. ನಾನು ರಾಣಿಯ ಮೇಲೆ ಹೊರಿಸಲು ಹೊರಟ ಆರೋಪ ಗೂಡಿನ ತುಂಬ ಹಂಚಿಹೋಗುತ್ತದೆ. ಸಾಲದ್ದಕ್ಕೆ, ಮರ್ಸರ್ ಅವರ ಆ ಪ್ರಯೋಗದಲ್ಲೇ ವಯಸ್ಸಾದ ಜೇನುಗಳು ಹೆದರುವುದನ್ನು ಕಲಿತಿದ್ದವು. ಹೂವಿಗೆ ಹೋಗುವ ವಯಸ್ಸಿಗೆ ಬಿಡುಗಡೆ ತಾನಾಗಿಯೇ ಬರುತ್ತದೆ.

ನಮ್ಮ ಹಿತ್ತಲಿನ ತುಡುವೆ ಪೆಟ್ಟಿಗೆಯೊಂದರಲ್ಲಿ ರಾಣಿ ಸತ್ತು, ಹೊಸದನ್ನು ಬೆಳೆಸಲು ಎಳೆಯ ಮರಿಯೂ ಉಳಿಯದೆ ಹೋದಾಗ ಆದದ್ದನ್ನು ನೋಡಿದ್ದೇನೆ. ಕೋಶಕ್ಕೆ ಒಂದರಂತೆ ಇರಬೇಕಾದ ಮೊಟ್ಟೆಗಳು ನಾಲ್ಕು ಐದು ಒಟ್ಟಿಗೆ, ಅಡ್ಡಾದಿಡ್ಡಿ ಬಿದ್ದಿದ್ದವು. ಗಂಡಿನೊಡನೆ ಕೂಡದ ಕೆಲಸಗಾರರ ಮೊಟ್ಟೆಗಳಾದ್ದರಿಂದ ಹುಟ್ಟಿದ್ದೆಲ್ಲ ಗಂಡು. ಹೂವಿಗೆ ಹೋಗುವವರು ದಿನದಿನಕ್ಕೆ ಕಡಿಮೆಯಾಗಿ ಕುಟುಂಬ ಕರಗಿತು. ನೋಡಿ, ಬಿಡುಗಡೆ ಸಿಕ್ಕಿದರೆ ಹೀಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಸಿಟ್ಟಾಗುತ್ತೇನೆ, ಆದರೆ ಬೇರೆ ಏನಾಗಬೇಕಿತ್ತು ಎಂದು ಕೇಳಿದರೆ ಹೇಳಲು ನನ್ನ ಬಳಿ ಏನೂ ಇಲ್ಲ. ಯಾವ ಗಂಧವೂ ಸೋಕದ ಜೇನನ್ನು ಹಿಡಿದು, ನಿನಗೇನು ಬೇಕಿತ್ತು ಎಂದು ಕೇಳುವಂತಿಲ್ಲ. ದೊಡ್ಡಮ್ಮನನ್ನು ಕೇಳಬಹುದಿತ್ತು, ಕೇಳಿದೆ.

ಒಂದೇ ಗೂಡಿನಲ್ಲಿ, ಒಂದೇ ವಯಸ್ಸಿನಲ್ಲಿ ಕೆಲವು ಕೆಲಸಗಾರ ಜೇನುಗಳು ರಾಣಿಯ ಗಂಧಕ್ಕೆ ಮುನ್ನುಗ್ಗುತ್ತವೆ, ಕೆಲವು ಅತ್ತ ಸುಳಿಯುವುದಿಲ್ಲ. ಸೂಚನೆಯ ವಾದಿಗಳು ಇದನ್ನು ಕೆಲಸದ ಹಂಚಿಕೆ ಎಂದು ಓದಬಹುದು. ಸುಳಿಯದ ಜೇನಿನಲ್ಲಿ ಚಿಕ್ಕಮ್ಮನನ್ನು ಕಾಣಲು ನನಗೆ ಆಸೆ. ಆದರೆ ಆ ಆಸೆಗೆ ಪುರಾವೆಯನ್ನು ಜೇನಿನಿಂದಲೇ ತರುವುದು ಹೇಗೆ ಎಂಬಲ್ಲಿ ನನ್ನ ವಾದ ಸಿಕ್ಕಿಕೊಂಡಿದೆ.